ಅತ್ತೆಯ ಕಟ್ಟೆ, ನಾನು ಎತ್ತಿದ ಕೈ

ನನ್ನ ಅತ್ತೆ ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದರು. ಕಾರಣ ಇಷ್ಟೇ, ಪಟ್ಟಣ ಪಂಚಾಯ್ತಿಯ ಸಭೆಯಲ್ಲಿ ನಾನು ಕೈ ಎತ್ತಿದ್ದೆ. ಎತ್ತಿದ್ದು ನಮ್ಮ ಓಣಿಯ ರಸ್ತೆಯನ್ನು ಅಗಲ ಮಾಡಿ ಗಟಾರ ಮುಚ್ಚುವುದಕ್ಕೆ. ಹಾಗೆ ಅಗಲವಾದರೆ ಮೊದಲು ಹೋಗುವುದು ನಮ್ಮದೇ ಮನೆಯ ಮುಂದಿನ ಕಲ್ಲಿನ ಕಟ್ಟೆ, ಅತ್ತೆಯ ಕಟ್ಟೆ. ಕೈ ಎತ್ತುವಾಗ ನಿನಗೆ ಇದು ಗೊತ್ತಿತ್ತೋ ಇಲ್ಲವೋ ಎಂದು ಓಣಿಯ ಹೆಂಗಸರು ಇವತ್ತಿಗೂ ಕೇಳುತ್ತಾರೆ. ಗೊತ್ತಿತ್ತು. ಆದರೂ ಎತ್ತಿದೆ, ಎತ್ತಿ ಮನೆಗೆ ಬಂದು ಯಾರಿಗೂ ಹೇಳದೆ ಸುಮ್ಮನೆ ರೊಟ್ಟಿ ಬಡಿದೆ.

ನಮ್ಮೂರು ಗೋಕಾಕಕ್ಕೂ ಮೂಡಲಗಿಗೂ ನಡುವೆ ಇದೆ. ಮೊನ್ನೆ ಮೊನ್ನೆಯವರೆಗೆ ಹಳ್ಳಿಯಾಗಿತ್ತು, ಈಗ ಪಟ್ಟಣ ಪಂಚಾಯ್ತಿ. ಪಟ್ಟಣವಾದ ದಿನ ಬದಲಾದದ್ದು ಕಚೇರಿಯ ಬೋರ್ಡು ಮಾತ್ರ. ಆಮೇಲೆ ಒಂದೊಂದೇ ಬಂದವು. ಬಸ್ ನಿಲ್ಲುವಲ್ಲಿ ಎತ್ತರದ ದೀಪ ಬಂತು. ಕಬ್ಬಿನ ಹೊಲದ ಪಕ್ಕ ಪ್ಲಾಟಿನ ಕಲ್ಲು ನೆಟ್ಟರು. ಮನೆ ಮನೆಗೆ ನಂಬರು ಬಂತು. ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಗಾಡಿ ಬರತೊಡಗಿತು. ಆದರೆ ಗಾಡಿ ನಮ್ಮ ಓಣಿಯ ಬಾಯಿಗೆ ಬಂದು ನಿಂತುಬಿಡುತ್ತಿತ್ತು, ಒಳಗೆ ಹಿಡಿಸುತ್ತಿರಲಿಲ್ಲ. ಕಸದ ಬುಟ್ಟಿ ಹಿಡಿದು, ಸೆರಗು ಸಿಕ್ಕಿಸಿ ನಾವೆಲ್ಲ ಓಡುತ್ತಿದ್ದೆವು. ಮುಟ್ಟುವಷ್ಟರಲ್ಲಿ ಹಾಡು ಪಕ್ಕದ ಓಣಿಯಿಂದ ಕೇಳುತ್ತಿತ್ತು. ಸಾಲಿ ಕಲಿಯುವಾಗಲೂ ನಾನು ಅಷ್ಟು ಓಡಿರಲಿಲ್ಲ.

ಇಲ್ಲಿಂದ ಹುಕ್ಕೇರಿ, ಸಂಕೇಶ್ವರ ದಾಟಿದರೆ ಮಹಾರಾಷ್ಟ್ರ. ಗಡಿ ಎಂದರೆ ಟಿವಿಯವರಿಗೆ ಜಗಳ, ನಮಗೆ ಬೀಗಸ್ತನ. ನನ್ನ ತವರು ಕೌಜಲಗಿ, ಹೀಗಾಗಿ ನಾನು ಗಡಿಯ ಕಡೆ ಅಷ್ಟಾಗಿ ಹೋದವಳಲ್ಲ. ಅತ್ತೆ ಹುಕ್ಕೇರಿ ಕಡೆಯವರು. ಅವರ ಅಕ್ಕನನ್ನು ಗಡಿಯ ಆಚೆ ಗಡಹಿಂಗ್ಲಜ ಕಡೆ ಕೊಟ್ಟಿದ್ದಾರೆ. ಅಕ್ಕ–ತಂಗಿ ದಿನಾ ಮಧ್ಯಾಹ್ನ ಫೋನಿನಲ್ಲಿ ಮಾತನಾಡುತ್ತಾರೆ, ಅಕ್ಕ ಅರ್ಧ ಮರಾಠಿಯಲ್ಲಿ, ತಂಗಿ ಪೂರಾ ಕನ್ನಡದಲ್ಲಿ. ಬೆಲ್ಲದ ರುಚಿ, ಮೊಮ್ಮಕ್ಕಳ ಬಣ್ಣ, ಮೊಣಕಾಲಿನ ನೋವು, ಎಲ್ಲದರಲ್ಲೂ ಇಬ್ಬರಿಗೂ ಪೈಪೋಟಿ. ಮೊಣಕಾಲಿನ ನೋವಿನಲ್ಲಿ ನಮ್ಮ ಅತ್ತೆಯೇ ಗೆಲ್ಲುತ್ತಿದ್ದರು. ಊರಿನ ವಿಷಯಕ್ಕೆ ಬಂದರೆ ಮಾತ್ರ ಅಕ್ಕನದೇ ಮೇಲುಗೈ.

‘ನಮ್ಮಲ್ಲಿ ಗಟಾರ ಮುಚ್ಚಿ ಎಷ್ಟೋ ವರ್ಷ ಆತು. ನಿಮ್ಮಲ್ಲಿ ಇನ್ನೂ ಬಾಯಿ ತಗದ ಕುಂತೈತೇನ?’ ಎಂದು ಆಕೆ ಆ ಕಡೆಯಿಂದ ಕೇಳಿದರೆ ಈ ಕಡೆ ಅತ್ತೆಯ ಮುಖ ಹುಣಸೆಹಣ್ಣು ತಿಂದಂತಾಗುತ್ತಿತ್ತು.

ನಾನು ಚುನಾವಣೆಗೆ ನಿಂತದ್ದೂ ಆ ಫೋನಿನಿಂದಲೇ ಎನ್ನಬೇಕು. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಓಣಿಯ ಹಿರಿಯರು ಮನೆಗೆ ಬಂದರು. ಬಂದವರು ನನ್ನನ್ನು ಕೇಳಲಿಲ್ಲ, ನನ್ನ ಗಂಡನನ್ನು ಕೇಳಿದರು. ಗಂಡ ಉತ್ತರ ಹುಡುಕುತ್ತ ಚಹದ ಕಪ್ಪಿನೊಳಗೆ ನೋಡುತ್ತಿದ್ದರು. ಒಳಗಿನಿಂದ ಅತ್ತೆಯ ದನಿ ಬಂತು: ‘ನಮ್ಮ ಸೊಸಿ ನಿಲ್ಲತಾಳ. ನಮ್ಮೂರೂ ಒಂದೀಟ ಸುಧಾರಿಸಲಿ.’ ಹಾಗೆ ನಿಂತೆ, ಗೆದ್ದೆ, ಮೆಂಬರ್ ಆದೆ. ಅತ್ತೆ ಅಕ್ಕನಿಗೆ ಫೋನ್ ಹಚ್ಚಿ ಅರ್ಧ ತಾಸು ಬರೀ ಇದನ್ನೇ ಹೇಳಿದರು.

ಅತ್ತೆಗೆ ಊರು ಸುಧಾರಿಸಬೇಕಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಊರಿನ ರಸ್ತೆಗಳೆಲ್ಲ ಅಗಲವಾಗಲಿ, ಗಟಾರಗಳೆಲ್ಲ ಮುಚ್ಚಲಿ, ಆದರೆ ನಮ್ಮ ಕಟ್ಟೆಯೊಂದನ್ನು ಬಿಟ್ಟು. ಅವರ ಸುಧಾರಣೆ ಪಕ್ಕದ ಮನೆಯವರೆಗೆ ಬಂದು, ನಮ್ಮ ಮನೆ ಹಾರಿ, ಆಚೆ ಮನೆಯಿಂದ ಮತ್ತೆ ಮುಂದುವರಿಯಬೇಕಿತ್ತು.

ಕಟ್ಟೆಯೂ ಹಾಗೇ ಇತ್ತು ಬಿಡಿ. ನನ್ನ ಗಂಡ ತೊಟ್ಟಿಲಲ್ಲಿದ್ದಾಗ ಕಟ್ಟಿಸಿದ್ದಂತೆ. ಗೋಕಾಕ ಗುಡ್ಡದ ಕಡೆಯಿಂದ ಚಕ್ಕಡಿಯಲ್ಲಿ ತಂದ ನಾಲ್ಕು ಉದ್ದನೆಯ ಹಾಸುಗಲ್ಲು, ಕೂತು ಕೂತು ಅಂಚು ನುಣುಪಾಗಿತ್ತು. ವೈಶಾಖದಲ್ಲೂ ಸಂಜೆಯಾದರೆ ತಣ್ಣಗಿರುತ್ತಿತ್ತು. ಊಟ ಮುಗಿಸಿ ಅತ್ತೆ ಅಲ್ಲಿ ಕೂತರೆಂದರೆ ಓಣಿಗೆ ಮಧ್ಯಾಹ್ನವಾಯಿತು ಎಂದರ್ಥ. ಮರ ಎಂದು ನಾವನ್ನುವ ಮೊರದಲ್ಲಿ ಜೋಳ ಹಸನು ಮಾಡುವುದು, ಶೇಂಗಾ ಸುಲಿಯುವುದು, ಹೋಗಿ ಬರುವವರನ್ನು ವಿಚಾರಿಸುವುದು, ಎಲ್ಲವೂ ಅಲ್ಲೇ. ಅಕ್ಕಪಕ್ಕದ ಹೆಂಗಸರು ಬಂದು ಜೊತೆಗೆ ಕೂರುತ್ತಿದ್ದರು. ಯಾರ ಮನೆಯ ಬಸುರಿಗೆ ಯಾವ ಬಯಕೆ, ಯಾರ ಸೊಸೆ ಯಾವ ಬಸ್ಸಿಗೆ ತವರಿಗೆ ಹೋದಳು, ಪಂಚಾಯ್ತಿಗೆ ಗೊತ್ತಾಗುವ ಮೊದಲು ಕಟ್ಟೆಗೆ ಗೊತ್ತಾಗುತ್ತಿತ್ತು.

ಕೂರದೆ ನಿಲ್ಲುತ್ತಿದ್ದವಳು ಒಬ್ಬಳೇ. ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುವವಳು, ಅತ್ತೆಗಿಂತ ಏಳೆಂಟು ವರ್ಷ ಚಿಕ್ಕವಳು. ಅವರ ಮನೆ ಊರಿನ ಆ ತುದಿಗೆ. ಮಗಳ ಮದುವೆಯ ಪತ್ರಿಕೆ ನಮ್ಮ ಮನೆಗೂ ಕೊಟ್ಟಿದ್ದರು, ಅದರಲ್ಲಿ ಮೇಲೆ ಬುದ್ಧನ ಚಿತ್ರವಿತ್ತು. ಮಗಳು ಈಗ ಗೋಕಾಕದ ಆಸ್ಪತ್ರೆಯೊಂದರಲ್ಲಿ ನರ್ಸ್. ಈ ತಾಯಿ ಹೊಲದಿಂದ ಬರುವಾಗ ನಮ್ಮ ಕಟ್ಟೆಯ ಎದುರಿನ ವಿದ್ಯುತ್ ಕಂಬಕ್ಕೆ ಬೆನ್ನು ಹಚ್ಚಿ ನಿಂತು ಅತ್ತೆಯ ಜೊತೆ ಮಾತನಾಡುತ್ತಿದ್ದಳು. ಇಬ್ಬರಿಗೂ ಭಾಳ ಸಲಿಗೆ. ಅತ್ತೆ ಕೂತಲ್ಲಿಂದಲೇ ಬೊಗಸೆ ಶೇಂಗಾ ಎತ್ತಿ, ಅವಳು ಮುಂದೆ ಬಂದು ಒಡ್ಡಿದ ಸೆರಗಿಗೆ ಸುರಿಯುತ್ತಿದ್ದರು. ತಾಸುಗಟ್ಟಲೆ ಮಾತು ನಡೆಯುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಒಮ್ಮೆ ನಾನು, ಆಕೆ ಯಾಕೆ ಕೂರುವುದಿಲ್ಲ ಎಂದು ಕೇಳಿದ್ದೆ. ‘ಅಕಿಗಿ ಯಾವಾಗಲೂ ಅವಸರ’ ಎಂದಿದ್ದರು ಅತ್ತೆ. ತಾಸುಗಟ್ಟಲೆ ನಿಂತವಳಿಗೆ ಎಂಥ ಅವಸರ ಎಂದು ನಾನು ಮುಂದೆ ಕೇಳಲಿಲ್ಲ. ಕೇಳದೇ ಇಪ್ಪತ್ತು ವರ್ಷ ಕಳೆದೆ, ಅದನ್ನು ನನ್ನ ಲೆಕ್ಕಕ್ಕೇ ಬರೆದುಕೊಳ್ಳಬೇಕು.

ಸಭೆಯಾಗಿ ಒಂದು ವಾರಕ್ಕೆ ಇಂಜಿನಿಯರ್ ಬಂದರು. ದಾವಣಗೆರೆ ಆಚೆಯ ಹುಡುಗ, ಮಾತು ಮೆತ್ತಗೆ. ಟೇಪು ಹಿಡಿದು ಅಳತೆ ಮಾಡಿಸಿ, ಎಲ್ಲರ ಕಟ್ಟೆಯ ಮೇಲೂ ಕೆಂಪು ಬಣ್ಣದಲ್ಲಿ ಗೆರೆ ಎಳೆಸಿ ಹೋದರು. ಆ ಹೊತ್ತಿಗೆ ಅತ್ತೆ ಒಳಗೆ ಮಲಗಿದ್ದರು. ಅವತ್ತು ಗುರುವಾರ. ಗುರುವಾರ ಸಂಜೆ, ಶುಕ್ರವಾರದ ಪೂಜೆಗೆಂದು ಕಟ್ಟೆ ತೊಳೆದು ಕೆಂಪು ಹುರಮಂಜು ಬಳಿಯುವುದು ನಮ್ಮ ಓಣಿಯ ಪದ್ಧತಿ. ಹುರಮಂಜು ಎಂದರೆ ಕೆಮ್ಮಣ್ಣಿನ ಬಣ್ಣ. ನೀರಲ್ಲಿ ಕಲಸಿ ಅರಿವೆಯಿಂದ ಎಳೆದರೆ ಕಲ್ಲು ಹೊಸ ಸೀರೆ ಉಟ್ಟಂತೆ ಕಾಣುತ್ತದೆ. ಸರಕಾರದ ಕೆಂಪು ಗೆರೆಯ ಮೇಲೆ ಅತ್ತೆಯ ಕೆಂಪು ಹುರಮಂಜು ಬಿತ್ತು. ಉಳಿದ ಮನೆಗಳಲ್ಲೂ ಬಿತ್ತು. ಸೋಮವಾರ ಕೆಲಸದವರು ಬಂದು ನೋಡಿದರೆ ಇಡೀ ಓಣಿಯಲ್ಲಿ ಒಂದು ಗೆರೆಯೂ ಇಲ್ಲ.

ಇದು ಖರೆಯೇ ತಪ್ಪಿ ಆದದ್ದು. ಅತ್ತೆಯ ಪರವಾಗಿ ನಾನು ಆಣೆ ಮಾಡಬಲ್ಲೆ.

ಇಂಜಿನಿಯರ್ ಮತ್ತೆ ಅಳೆಸಿದರು, ಮತ್ತೆ ಕೆಂಪು ಗೆರೆ ಎಳೆಸಿದರು. ಈ ಸಲ ಅತ್ತೆ ಬಾಗಿಲಲ್ಲೇ ಇದ್ದರು.

‘ಏನಪಾ ಇದು, ನಮ್ಮ ಕಟ್ಟಿ ಮ್ಯಾಲ ಗೀಚಾಕತ್ತೀರಿ?’

‘ಅಜ್ಜಿ, ಇದು ರೋಡಿನ ಜಾಗ. ಈ ಗೆರೆವರೆಗೂ ಹೋಗತ್ತೆ. ಕಟ್ಟೆ ಪೂರ್ತಿ ಬರತ್ತೆ.’

‘ಯಾರ ಹೇಳ್ಯಾರ?’

‘ಸಭೆಯಲ್ಲಿ ಠರಾವಾಗಿದೆಯಲ್ಲ. ನಿಮ್ಮ ಸೊಸೆಯವರೇ ಮೊದಲು ಕೈ ಎತ್ತಿದ್ದು’ ಎಂದರು ಆ ಪುಣ್ಯಾತ್ಮ, ನನ್ನನ್ನು ಹೊಗಳಿದೆ ಎಂಬ ಸಂತೋಷದಲ್ಲಿ.

ಅತ್ತೆ ನನ್ನ ಕಡೆ ನೋಡಿದರು. ನಾನು ತುಳಸಿಗೆ ನೀರು ಹಾಕುತ್ತಿದ್ದೆ, ಆಗಲೇ ಎರಡು ತಂಬಿಗೆ ಹಾಕಿದ್ದರೂ ಮೂರನೆಯದು ಹಾಕಿದೆ. ‘ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ’ ಎಂದರು ಅತ್ತೆ. ಒಂದಲ್ಲ ಒಂದು ದಿನ ನಿನ್ನ ಬಣ್ಣ ಬಯಲಾಗಲೇಬೇಕಿತ್ತು ಎಂದು ಅದರ ಅರ್ಥ. ಆಮೇಲೆ ಬಾಯಿ ಮುಚ್ಚಿದವರು ಹದಿನೈದು ದಿನ ನನ್ನೆದುರು ತೆರೆಯಲಿಲ್ಲ.

ಮಾತು ಬಿಟ್ಟರು ಎಂದರೆ ಸುಮ್ಮನಿದ್ದರು ಎಂದಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ಎಮ್ಮೆಗೆ ಹೇಳುತ್ತಿದ್ದರು. ‘ನೋಡವಾ, ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ. ನಿನ್ನ ಮೇವಿನ ಗ್ವಾದಲಿ ಒಡೀತೇನಿ ಅಂತ ಕೈ ಎತ್ತಿದರ ನೀ ಸುಮ್ಮನಿರತಿದ್ದೇನ? ಒದೀತಿದ್ದಿ’ ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿ. ಎಮ್ಮೆ ನನ್ನ ಕಡೆ ನೋಡಿ ಮೆಲುಕು ಹಾಕುತ್ತಿತ್ತು. ನನಗೂ ಸಿಟ್ಟು ಬರುತ್ತಿತ್ತು, ನಾನೇನು ಸಾಧು ಹೆಂಗಸಲ್ಲ. ‘ಗಟಾರ ಬೇಕಂತ ಹೇಳಿದವರ ಯಾರಂತ ಕೇಳ ಎಮ್ಮಿ’ ಎಂದು ನಾನೂ ತಿರುಗಿಸುತ್ತಿದ್ದೆ. ಗಂಡ ಆ ದಿನಗಳಲ್ಲಿ ಹೊಲಕ್ಕೆ ಬೇಗ ಹೋಗಿ ತಡವಾಗಿ ಬರತೊಡಗಿದರು.

ಎರಡನೆಯ ಗೆರೆಯೂ ಗುರುವಾರ ಅಳಿಸಿತು. ಇದು ಅರ್ಧ ತಪ್ಪಿ ಆದದ್ದು. ಇಂಜಿನಿಯರ್ ಕೆಂಪು ಬಿಟ್ಟು ಬಿಳಿ ಬಣ್ಣ ತಂದರು. ಅತ್ತೆ ಅದಕ್ಕೆ ಎರಡೂ ಬದಿ ಚುಕ್ಕೆ ಇಟ್ಟು, ಬಳ್ಳಿ ಹಬ್ಬಿಸಿ, ಗೆರೆಯನ್ನೇ ರಂಗೋಲಿ ಮಾಡಿಬಿಟ್ಟರು. ಅದನ್ನು ನೋಡಿ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗೆರೆಗೆ ಬಳ್ಳಿ ಹಬ್ಬಿಸಿದರು. ಮುಂದಿನ ಸೋಮವಾರ ಇಂಜಿನಿಯರ್ ಓಣಿಯ ಬಾಯಲ್ಲಿ ನಿಂತು, ಸೊಂಟಕ್ಕೆ ಕೈ ಇಟ್ಟುಕೊಂಡು, ನೋಡಿಯೇ ನೋಡಿದರು. ಯಾವುದು ಸರಕಾರದ್ದು, ಯಾವುದು ಹೆಂಗಸರದ್ದು ತಿಳಿಯದೆ ನನಗೆ ಫೋನು ಮಾಡಿದರು. ‘ಮೇಡಂ, ನಿಮ್ಮ ವಾರ್ಡೇ ಹೀಗೆ ಮಾಡಿದರೆ?’ ನಗು ತಡೆದುಕೊಂಡು ‘ನೋಡ್ತೇನ್ರಿ’ ಎಂದೆ. ನಗು ಬಂದರೂ ಒಳಗೆ ಕಳವಳವಿತ್ತು. ಜುಲುಮೆ ಮಾಡಿ ಕಟ್ಟೆ ಒಡೆಸಿದರೆ ಅತ್ತೆ ಜೀವಮಾನವಿಡೀ ಎಮ್ಮೆಯ ಜೊತೆಗೇ ಮಾತನಾಡುತ್ತಾರೆ. ಒಡೆಸದಿದ್ದರೆ ಓಣಿ ಹೀಗೇ ಉಳಿಯುತ್ತದೆ, ಮೆಂಬರ್‌ಗೆ ತನ್ನ ಮನೆಯೇ ಹೆಚ್ಚಾಯಿತು ಎಂದು ಉಳಿದವರೂ ಜಾಗ ಬಿಡುವುದಿಲ್ಲ.

ಈ ಗಂಟು ಬಿಡಿಸಿದ್ದು ಗಡಿಯಾಚೆಯ ಅಕ್ಕ. ಆಕೆ ಮೂಡಲಗಿಯ ಒಂದು ಮದುವೆಗೆ ಬಂದವರು ತಂಗಿಯನ್ನು ನೋಡಿ ಹೋಗೋಣವೆಂದು ಬಾಡಿಗೆ ಕಾರಿನಲ್ಲಿ ಬಂದರು. ಕಾರು ಕಸದ ಗಾಡಿಯ ಹಾಗೆಯೇ ಓಣಿಯ ಬಾಯಲ್ಲಿ ನಿಂತಿತು. ಆಕೆ ಜರಿಯ ಸೀರೆ ಎತ್ತಿಕೊಂಡು ನಡೆದು ಬಂದರು. ಎದುರಿಗೆ ಒಂದು ಮೋಟಾರ್‌ಸೈಕಲ್ ಬಂತು, ಆಕೆ ಬಾಜೂ ಸರಿದರು, ಬಲಗಾಲು ಸೀದಾ ಗಟಾರಕ್ಕೆ ಹೋಯಿತು. ಚಪ್ಪಲಿ ಒಳಗೇ ಉಳಿಯಿತು. ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಎದ್ದು ಓಡಿದರು. ನಾನು ಬಿಸಿನೀರು ತಂದು ಆಕೆಯ ಕಾಲು ತೊಳೆದೆ. ಆಕೆ ಕಟ್ಟೆಯ ಮೇಲೆ ಕೂತು, ಕಾಲು ಒರೆಸಿಕೊಳ್ಳುತ್ತ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಕ್ಕರು.

‘ಅಗ, ನಿನ್ನ ಸೊಸಿ ಮೆಂಬರ್ ಅಲ್ಲೇನ? ಅಕಿ ಮನಿ ಮುಂದ ಹಿಂಗಾದರ ಉಳದವರ ಗತಿ ಏನ?’

ನಾನು ಟವೆಲ್ ಹಿಂಡುತ್ತ ತಲೆ ತಗ್ಗಿಸಿದ್ದೆ. ಅತ್ತೆಯ ದನಿ ಕೇಳಿತು: ‘ನಮ್ಮ ಸೊಸಿ ಎಲ್ಲಾ ಮಂಜೂರ ಮಾಡಿಸ್ಯಾಳ. ಸಭಾದಾಗ ಮೊದಲ ಕೈ ಎತ್ತಿದಾಕಿ ಅಕಿನ. ಮುಂದಿನ ಸಲ ಬಾ ನೀ, ನಿನ್ನ ಕಾರ ಬಾಗಲಕ್ಕ ಬಂದ ನಿಲ್ಲತೈತಿ.’

ಹದಿನೈದು ದಿನದ ಮೇಲೆ ನನ್ನ ವಿಷಯದಲ್ಲಿ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ನನಗೆ ಕಣ್ಣು ತುಂಬಿ ಬಂತು, ಟವೆಲ್ಲಿಗೆ ಮುಖ ಒರೆಸಿಕೊಳ್ಳಹೋಗಿ, ಅದು ಯಾವ ಟವೆಲ್ ಎಂದು ನೆನಪಾಗಿ ಬಿಟ್ಟೆ.

ಅಕ್ಕ ಹೋದ ಮೇಲೆ ಅತ್ತೆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು. ಆಮೇಲೆ ಒಳಗೆ ಬಂದು ನನ್ನನ್ನೇ ನೋಡಿ ಹೇಳಿದರು: ‘ಆ ಇಂಜಿನಿಯರಗ ಫೋನ್ ಹಚ್ಚ. ಒಡೀಲಿ. ಆದರ ಕಲ್ಲ ಒಯ್ಯೂದಿಲ್ಲ ಅಂತ ಹೇಳ. ಗಟಾರ ಮುಚ್ಚಾಕ ನಮ್ಮ ಮನಿ ಮುಂದ ನಮ್ಮ ಕಲ್ಲ ಹಾಕಲಿ.’

ಇಂಜಿನಿಯರ್ ಮೊದಲು ಒಪ್ಪಲಿಲ್ಲ, ಅವರ ಕಾಗದದಲ್ಲಿ ಕಾಂಕ್ರೀಟಿನ ಹಾಸು ಎಂದಿತ್ತು. ನಾನು ಕಚೇರಿಗೆ ನಾಲ್ಕು ಸಲ ಓಡಾಡಿದೆ. ಕಲ್ಲು ಕಾಂಕ್ರೀಟಿಗಿಂತ ದಪ್ಪ ಇದೆ, ಗಟ್ಟಿ ಇದೆ ಎಂದು ಅಳೆದು ತೋರಿಸಿದೆ. ಕೊನೆಗೆ ಅವರೂ ಮನೆಗೇ ಬಂದು, ಅಂಗೈಯಿಂದ ಕಲ್ಲು ಸವರಿ ನೋಡಿ ಒಪ್ಪಿದರು. ‘ಆದರೆ ಅಜ್ಜಿ, ಒಂದು ಮಾತು. ಅಲ್ಲಿಗೆ ಹೋದ ಮೇಲೆ ಇದು ನಿಮ್ಮದಲ್ಲ, ಪಂಚಾಯ್ತಿದು. ಯಾರು ಬೇಕಾದರೂ ನಡೀಬಹುದು, ಕೂರಬಹುದು. ನೀವು ಬೇಡ ಅನ್ನೋ ಹಾಗಿಲ್ಲ.’

‘ಆತ ತಗೋರಿ. ನಾ ಯಾರಿಗಿ ಯಾವಾಗ ಬ್ಯಾಡಂದೇನಿ?’ ಎಂದರು ಅತ್ತೆ.

ಒಡೆಯುವ ದಿನ ಗುರುವಾರವಲ್ಲದಿದ್ದರೂ ಅತ್ತೆ ಬೆಳಿಗ್ಗೆ ಕಟ್ಟೆ ತೊಳೆದು, ಹುರಮಂಜು ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದರು. ಆಮೇಲೆ ಜೆಸಿಬಿಯವನಿಗೆ ಕೈ ಮಾಡಿ ‘ಹೂಂ, ನಡೀಲಿ’ ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಚಹ ಕಾಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ‘ನೀ ಯಾಕ ಅಳತಿ? ಕೈ ಎತ್ತಿದಾಕಿ ನೀನ’ ಎಂದು ನನ್ನ ಅತ್ತೆ ನನಗೇ ಗದರಿದರು. ಅವರ ಕಣ್ಣು ಮಾತ್ರ ಆ ನಾಲ್ಕು ಕಲ್ಲಿನ ಮೇಲೇ ಇತ್ತು.

ಕೆಲಸ ಮಳೆಗಾಲಕ್ಕೆ ಮೊದಲು ಮುಗಿಯಿತು. ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಮುಗಿಯಿತು. ಈಗ ಕಸದ ಗಾಡಿ ಹಾಡಿಕೊಂಡು ಬಾಗಿಲಿಗೇ ಬರುತ್ತದೆ, ಯಾರೂ ಓಡುವುದಿಲ್ಲ, ಹೀಗಾಗಿ ಓಣಿಯ ಹೆಂಗಸರಿಗೆಲ್ಲ ಸ್ವಲ್ಪ ಮೈ ಬಂದಿದೆ. ಎದುರಿನ ಕಂಬ ಕಿತ್ತು ಓಣಿಯ ತುದಿಗೆ ನೆಟ್ಟಿದ್ದಾರೆ. ನಮ್ಮ ನಾಲ್ಕು ಕಲ್ಲು ಮನೆಯಿಂದ ಒಂದು ಹೆಜ್ಜೆ ಮುಂದೆ, ಮೊದಲಿಗಿಂತ ಒಂದು ಮೊಳ ಕೆಳಗೆ, ಗಟಾರದ ಮೇಲೆ ಮಲಗಿವೆ. ಅತ್ತೆ ಮೊದಲೆರಡು ದಿನ ಹೊಸ್ತಿಲ ಮೇಲೆ ಕೂತು ನೋಡಿದರು. ಮೂರನೆಯ ದಿನ ಮರ ಎತ್ತಿಕೊಂಡು ಹೋಗಿ ಕಲ್ಲಿನ ಮೇಲೇ ಕೂತರು. ಮೊಣಕಾಲು ನೋವಿನವರಿಗೆ ಇಷ್ಟು ಎತ್ತರವೇ ಒಳ್ಳೆಯದು ಎಂದು ಅವರದೇ ಶೋಧ.

ಶೇಂಗಾ ಕಿತ್ತ ದಿನಗಳು. ಒಂದು ಮಧ್ಯಾಹ್ನ ಅತ್ತೆ ಕಲ್ಲಿನ ಮೇಲೆ ಮನೆಯ ನೆರಳಲ್ಲಿ ಸುಲಿಯುತ್ತ ಕೂತಿದ್ದರು, ನಾನು ಜೊತೆಗಿದ್ದೆ. ಕಳೆ ತೆಗೆಯುವ ಆಕೆ ಹೊಲದಿಂದ ಬಂದಳು. ಬಂದವಳು ವಾಡಿಕೆಯಂತೆ ಎದುರಿಗೆ ಹೋಗಿ ಹಿಂದಕ್ಕೆ ಒರಗಲು ನೋಡಿದಳು. ಕಂಬ ಇರಲಿಲ್ಲ. ಅಗಲವಾದ ರಸ್ತೆಯ ನಡುವೆ, ಬಿಸಿಲಲ್ಲಿ, ಕೈ ಎಲ್ಲಿಡಬೇಕು ತಿಳಿಯದವಳಂತೆ ನಿಂತಳು. ಅಷ್ಟರಲ್ಲಿ ಅವಳ ಮಗಳು ಗೋಕಾಕದಿಂದ ಡ್ಯೂಟಿ ಮುಗಿಸಿ ಸ್ಕೂಟಿಯಲ್ಲಿ ಬಂದಳು. ತಾಯಿಯನ್ನು ಕರೆದೊಯ್ಯಲು ಬಂದವಳು ಗಾಡಿ ನಿಲ್ಲಿಸಿ, ‘ಆರಾಮ ಅದೀರೇನ್ರಿ ಅಮ್ಮಾ? ಮೊಣಕಾಲ ಹೆಂಗೈತ್ರಿ?’ ಎನ್ನುತ್ತ ಬಂದು ಅತ್ತೆಯ ಪಕ್ಕ ಕಲ್ಲಿನ ಮೇಲೆ ಕೂತೇಬಿಟ್ಟಳು. ಕೂತು ಅತ್ತೆಯ ಮೊಣಕಾಲಿಗೆ ಕೈ ಇಟ್ಟು ಒತ್ತಿ ನೋಡತೊಡಗಿದಳು.

ನನ್ನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ಅವಳ ತಾಯಿಯ ಮುಖ ಬಿಳಿಚಿತು. ಅತ್ತೆ ಕೈಯಲ್ಲಿದ್ದ ಕಾಯಿ ಸುಲಿದು ಮರಕ್ಕೆ ಹಾಕಿದರು. ಆಮೇಲೆ ಎದುರಿಗೆ ನಿಂತವಳನ್ನು ನೋಡಿ, ‘ಬಿಸಲಾಗ ಯಾಕ ನಿಂತಿ? ಬಾ, ಕುಂದರ’ ಎಂದರು.

‘ಇರಲ್ರಿ ಅವ್ವಾರ. ಅವಸರ ಐತ್ರಿ.’

‘ಮಗಳ ಕುಂತಾಳ, ನಿನಗೇನ ಅವಸರ? ಕುಂದರ ಅಂದೆ.’

ಅವಳು ಬಂದಳು. ಕಲ್ಲಿನ ತುದಿಗೆ, ಅರ್ಧ ಗೇಣು ಜಾಗದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಸರಿದು ಸರಿಯಾಗಿ ಕೂತಳು. ಅಂಗೈಯಿಂದ ಕಲ್ಲನ್ನು ಮೆಲ್ಲಗೆ ಸವರಿದಳು.

‘ಇಷ್ಟ ತಣ್ಣಗ ಇರತೈತೇನ್ರಿ ಇದು!’ ಎಂದಳು. ‘ಕಟ್ಟಿ ಕಟ್ಟಸೂ ಮುಂದ ಈ ಕಲ್ಲ ಚಕ್ಕಡ್ಯಾಗಿಂದ ಇಳಿಸಿ ಹೊತ್ತಾಕಿ ನಾನ ರೀ ಅವ್ವಾರ. ಹೊಸಾ ಲಗ್ನ ಆಗಿ ಬಂದಿದ್ದೆ. ಇನ್ನ ಮೂರ ಮಂದಿ ಇದ್ವಿ. ಆವತ್ತ ಸುಡತಿತ್ತರಿ, ಹೆಗಲ ಬೊಬ್ಬಿ ಬಂದಿತ್ತ.’

ಅತ್ತೆಯ ಕೈ ನಿಂತಿತು. ‘ಹೌದೇನ? ಇಷ್ಟ ವರ್ಷ ಯಾಕ ಹೇಳಲಿಲ್ಲ?’

‘ನೀವು ಕುಂದರ ಅನ್ನಲಿಲ್ಲಲ್ರಿ’ ಎಂದಳು ಆಕೆ. ಸಿಟ್ಟಿನಿಂದಲ್ಲ. ನಕ್ಕೇ ಹೇಳಿದಳು, ಮೊಣಕಾಲಿನ ಸುದ್ದಿ ಹೇಳುವಷ್ಟು ಸಹಜವಾಗಿ.

ನನಗೆ ನಾಚಿಕೆಯಾಯಿತು. ಅತ್ತೆಯೊಬ್ಬರೇ ಅಲ್ಲ, ಇಪ್ಪತ್ತು ವರ್ಷ ನಾನೂ ಅಂದಿರಲಿಲ್ಲ. ಊರಿನ ರಸ್ತೆಗೆ ಕೈ ಎತ್ತಲು ಸಭೆಯವರೆಗೆ ಹೋದವಳು ಮನೆಯ ಮುಂದೆ ಒಂದು ಮಾತು ಎತ್ತಲಿಲ್ಲ. ಒಳಗೆ ಹೋಗಿ ಚಹ ಇಟ್ಟೆ. ಬೀಗರಿಗೆ ತೆಗೆಯುವ ಕಪ್ಪುಗಳನ್ನು ತೆಗೆದು ನಾಲ್ವರಿಗೂ ತಂದೆ. ಹೊರಗೆ ಬಂದಾಗ ಅತ್ತೆ ಮಡಿಲಲ್ಲಿದ್ದ ಮರವನ್ನು ಇಬ್ಬರ ನಡುವೆ ಕಲ್ಲಿನ ಮೇಲೆ ಇಟ್ಟಿದ್ದರು. ಅದೇ ಮರದಲ್ಲಿ ಎರಡು ಮುದಿ ಕೈಗಳು ಶೇಂಗಾ ಸುಲಿಯುತ್ತಿದ್ದವು. ಅತ್ತೆ ತಾವು ಸುಲಿದ ಕಾಳನ್ನೆಲ್ಲ ಆ ಕಡೆಗೆ ದೂಡುತ್ತಿದ್ದರು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗಡಿಯಾಚೆಯ ಅಕ್ಕ, ದಿನದ ವೇಳೆಗೆ ಸರಿಯಾಗಿ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದರು.

‘ಆಮ್ಯಾಲ ಹಚ್ಚ ಅಕ್ಕಾ’ ಎಂದರು. ‘ಕಟ್ಟಿ ಮ್ಯಾಲ ಮಂದಿ ಕುಂತಾರ.’